ಗ್ವೆರ್ವಿಲ್ ಕೋಟೆಯ ಏಳನೆಯ ನುಡಿ

"ಹಾಗಾದ್ರೆ ಇಷ್ಟು ವರ್ಷ ನಾವು ಅತ್ತಿದ್ದು ಯಾರಿಗೋಸ್ಕರ?"

ಟೆಗ್ವೆನ್ ಈ ಮಾತನ್ನು ಯಾರನ್ನೂ ಕೇಳಲಿಲ್ಲ. ಕೇಳುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ. ಊರವರು ಪ್ರಾರ್ಥನೆಗೆ ಸೇರುವ ಚಾಪೆಲ್ಲಿನ ಹಿಂದಿನ ಕೋಣೆಯಲ್ಲಿ ಒಬ್ಬಳೇ ನಿಂತು ಚಹಾದ ಬಟ್ಟಲುಗಳನ್ನು ಒರೆಸುತ್ತಿದ್ದಳು. ಮಾತು ತಾನಾಗಿ ಬಾಯಿಂದ ಜಾರಿತು. ಕಿಟಕಿಯಾಚೆ, ಹೊಳೆ ದಾಟಿ, ಅವಳ ತಮ್ಮ ಇಡ್ವಲನ ಹೊಲದಲ್ಲಿ ಗ್ವೆರ್ವಿಲ್ ಕೋಟೆ ಎಂದಿನಂತೆ ಸಂಜೆಬಿಸಿಲಿಗೆ ಬೆನ್ನು ಕೊಟ್ಟು ಮಲಗಿತ್ತು. ಕೋಟೆಯೆಂದರೆ ಗೋಡೆಯಿಲ್ಲ, ಕಲ್ಲಿಲ್ಲ. ಬೋರಲು ಹಾಕಿದ ಬೋಗುಣಿಯಂಥ ಒಂದು ಮಣ್ಣಿನ ದಿಬ್ಬ, ಅದರ ಬುಡವನ್ನು ಅರ್ಧಚಂದ್ರದಂತೆ ಬಳಸಿದ ಒಂದು ಕಂದಕ, ಕಂದಕದಾಚೆ ಮೊಣಕಾಲೆತ್ತರದ ಏರಿ. ಅಷ್ಟೆ. ಆದರೂ ವೇಲ್ಸಿನ ಆ ಕುಮ್ ಹೆಲಿಗ್ ಕಣಿವೆಯಲ್ಲಿ ಹುಟ್ಟಿದವರಿಗೆ ಕಣ್ಣು ಮುಚ್ಚಿದರೆ ಅಲ್ಲಿ ಬಾಗಿಲು ಕಾಣುತ್ತಿತ್ತು, ಬಾಗಿಲ ಮೇಲೆ ದೀಪ ಹಿಡಿದು ನಿಂತ ಹುಡುಗಿ ಕಾಣುತ್ತಿದ್ದಳು.

ಅಂದು ಮಧ್ಯಾಹ್ನ ಡಾಕ್ಟರ್ ಪ್ರಾಸರ್ ಇದೇ ಕೋಣೆಯಲ್ಲಿ ಊರವರನ್ನು ಕೂರಿಸಿಕೊಂಡು ವಿಷಯ ಹೇಳಿದ್ದರು. ಇವರು ಮದ್ದು ಕೊಡುವ ಡಾಕ್ಟರಲ್ಲ. ನೆಲ ಅಗೆದು ಹಳೆಯ ಕಾಲವನ್ನು ಹುಡುಕುವವರು. ದಕ್ಷಿಣ ವೇಲ್ಸಿನ ಕಡೆಯವರು, ಮಾತಿನಲ್ಲಿ ಆ ಕಡೆಯ ಎಳೆತ. ವಸಂತವೆಲ್ಲ ಕೋಟೆಯ ಮೈಯಲ್ಲಿ ಉದ್ದಕ್ಕೊಂದು ಗುಂಡಿ ತೋಡಿ, ಮಣ್ಣನ್ನು ಜರಡಿ ಹಿಡಿದು, ಮಳೆ ಬಂದಾಗ ಇಡ್ವಲನ ಅಡುಗೆಮನೆಯಲ್ಲಿ ಬೂಟು ಒಣಗಿಸಿಕೊಂಡು, ಎಲ್ಲರಿಗೂ ಬೇಕಾದವರಾಗಿದ್ದರು. ಅದಕ್ಕೇ ಹೇಳುವಾಗ ಅವರ ಮುಖ ಸಣ್ಣಗಾಗಿತ್ತು.

"ಕಂಬ ನೆಟ್ಟ ಗುರುತಿಲ್ಲ, ಸುಟ್ಟ ಮರ ಇಲ್ಲ, ಮಡಕೆ ಚೂರಿಲ್ಲ. ಅದು ಏನು ಅಂತ ನಂಗೆ ಗೊತ್ತಿಲ್ಲ. ಯಾರೋ ಜಮೀನ್ದಾರರು ಮೊಲ ಸಾಕೋಕೆ ಎಬ್ಬಿಸಿದ ಮಣ್ಣಿರಬಹುದು. ಸೀಸದ ಅದಿರು ಹುಡುಕಿ ಸಿಗದೆ ಬಿಟ್ಟುಹೋದ ಗುಡ್ಡೆ ಇರಬಹುದು. ಹಿಮ ಕರಗೋ ಕಾಲದಲ್ಲಿ ತಾನಾಗೇ ನಿಂತದ್ದೂ ಇರಬಹುದು. ಏನಲ್ಲ ಅನ್ನೋದನ್ನ ಮಾತ್ರ ಹೇಳಬಲ್ಲೆ. ಕೋಟೆ ಅಲ್ಲ."

ಹಿಂದಿನ ಬೆಂಚಿನಿಂದ ವಿಲ್ ಡಿಗ್ಗರ್ ಗಂಟಲು ಸರಿಮಾಡಿಕೊಂಡ. ಮಣ್ಣು ಅಗೆಯುವ ಯಂತ್ರ ಓಡಿಸುವವನಾದ್ದರಿಂದ ಊರು ಅವನಿಗೆ ಇಟ್ಟ ಹೆಸರದು.

"ಹಾಗಾದ್ರೆ ಮೊಲದ ಅರಮನೆ ಅನ್ನಿ. ನಮ್ಮಮ್ಮ ಅದ್ರ ಮೇಲೆ ನಿಂತು ಪದ್ಯ ಹೇಳಿ ಬಹುಮಾನ ತಗೊಂಡಿದ್ಲು. ಮೊಲಗಳಿಗೆ ಎಷ್ಟು ಖುಷಿಯಾಗಿತ್ತೋ ಏನೋ!"

ಜನ ನಕ್ಕರು. ನಗದೆ ಇದ್ದವಳು ಟೆಗ್ವೆನ್ ಒಬ್ಬಳೇ.

ಆ ಪದ್ಯ ಕಟ್ಟಿದವನು ಟೆಗ್ವೆನಳ ಅಜ್ಜ ಎಬೆನ್. ಪರರ ಹೊಲದಲ್ಲಿ ದುಡಿದು, ಕೊನೆಗೆ ಈ ಹೊಲವನ್ನು ಗೇಣಿಗೆ ಹಿಡಿದವನು. ಅವನ ಪ್ರಾಯದಲ್ಲಿ ಒಂದು ಚಳಿಗಾಲ, ಚಾಪೆಲ್ಲಿನ ಕವಿಸ್ಪರ್ಧೆಗೆ 'ಕೋಟೆ' ಎಂಬ ವಿಷಯ ಕೊಟ್ಟರು. ಎಬೆನ್ ಹುಟ್ಟಿದಾಗಿನಿಂದ ಒಂದು ಕೋಟೆಯನ್ನೂ ಕಂಡವನಲ್ಲ. ಕಡಲ ಕಡೆ ಇಂಗ್ಲಿಷ್ ರಾಜ ಕಟ್ಟಿಸಿದ ದೊಡ್ಡ ದೊಡ್ಡವು ಇವೆಯೆಂದು ಕೇಳಿದ್ದ, ಅಷ್ಟೆ. ಹೊಲದಲ್ಲಿ ಹಸು ಹುಡುಕುತ್ತ ಹೋದವನು ದಿಬ್ಬದ ಮೇಲೆ ಕೂತ. ಕೂತಲ್ಲೇ ಅದಕ್ಕೊಂದು ಬಾಗಿಲಿಟ್ಟ, ಬಾಗಿಲಿಗೆ ಶತ್ರುವನ್ನು ತಂದ, ಒಳಗೆ ಗ್ವೆರ್ವಿಲ್ ಎಂಬ ದೊರೆಮಗಳನ್ನು ನಿಲ್ಲಿಸಿದ. ಅಪ್ಪ ಯುದ್ಧಕ್ಕೆ ಹೋದಾಗ ಒಬ್ಬಳೇ ಕೋಟೆ ಕಾದವಳು; ದೀಪ ಆರಿದರೆ ಕೋಟೆ ಬಿತ್ತೆಂದು ತಿಳಿದು ಅಪ್ಪ ಮರಳಲಾರನೆಂದು, ಕಡೆಯ ತನಕ ದೀಪ ಆರಗೊಡದವಳು. ಏಳು ನುಡಿ, ನುಡಿಗೆ ನಾಲ್ಕು ಸಾಲು. ಬಾಯಲ್ಲೇ ಕಟ್ಟಿ ಬಾಯಲ್ಲೇ ಹೇಳಿದ. ಬರೆಯುವುದಕ್ಕೆ ಅವನ ಕೈ ಬಾಗುತ್ತಿರಲಿಲ್ಲ. ತೀರ್ಪುಗಾರರು ಕಣ್ಣೊರೆಸಿಕೊಂಡು, ಬಹುಮಾನದ ಮಖಮಲ್ಲಿನ ಪುಟ್ಟ ಚೀಲವನ್ನು ರಿಬ್ಬನ್ ಸಮೇತ ಅವನ ಕೊರಳಿಗೆ ಹಾಕಿದರು.

ಆಮೇಲೆ ನಡೆದದ್ದನ್ನು ತಪ್ಪೆನ್ನಬೇಕೋ, ಪ್ರೀತಿಯೆನ್ನಬೇಕೋ. ಕಣಿವೆಯ ಮಕ್ಕಳೆಲ್ಲ ಆ ಪದ್ಯ ಕಲಿತರು. ಕಲಿತ ಮಕ್ಕಳು ದೊಡ್ಡವರಾದರು. ನಕ್ಷೆ ಬರೆಯುವವರು ಸರಪಣಿ ಹಿಡಿದು ಬಂದು "ಇದೇನು?" ಎಂದು ಕೇಳಿದಾಗ "ಗ್ವೆರ್ವಿಲ್ ಕೋಟೆ" ಎಂದು ಕಣ್ಣು ಮಿಟುಕಿಸದೆ ಹೇಳಿದರು. ನಕ್ಷೆಯಲ್ಲಿ ಹಳೆಯ ಕಾಲದ ಅಕ್ಷರಗಳಲ್ಲಿ ಹೆಸರು ಬಂತು. ನಕ್ಷೆ ನೋಡಿ ಪುಸ್ತಕ ಬರೆದರು, ಪುಸ್ತಕ ನೋಡಿ ಮೇಷ್ಟರು ಪಾಠ ಮಾಡಿದರು, ಪಾಠ ಕೇಳಿದ ಮಕ್ಕಳು ಮನೆಗೆ ಬಂದು ಅಜ್ಜನಿಗೇ ಅಜ್ಜನ ಕೋಟೆಯ ಚರಿತ್ರೆ ಹೇಳಿದರು. ಎಬೆನ್ ತಲೆಯಾಡಿಸಿದನಂತೆ. ಅಷ್ಟು ಹೊತ್ತಿಗೆ ಅವನೂ ನಂಬಿದ್ದನೋ ಏನೋ.

ಪೆಂತೆಕೋಸ್ತ್ ಹಬ್ಬದ ಮರುದಿನ, ಸೋಮವಾರ, ಸಂಡೇಸ್ಕೂಲಿನ ಮಕ್ಕಳು ಮೆರವಣಿಗೆಯಲ್ಲಿ ಹೋಗಿ ಕೋಟೆಯ ಮೇಲೆ ಪದ್ಯ ಹೇಳುವ ಪದ್ಧತಿ ಹಾಗೆ ಶುರುವಾಯಿತು. ಟೆಗ್ವೆನಳ ಬಾಲ್ಯವೆಲ್ಲ ಆ ಒಂದು ದಿನದ ಸುತ್ತ ಹೆಣೆದುಕೊಂಡಿತ್ತು. ತುಳಿದ ಹುಲ್ಲಿನ ವಾಸನೆ, ಪೆಟ್ಟಿಗೆಯಿಂದ ಹೊರಬಂದ ಸೂಟುಗಳ ಕರ್ಪೂರದ ವಾಸನೆ, ತಾಮ್ರದ ಹಂಡೆಯಲ್ಲಿ ಕುದಿಯುವ ಚಹಾ, ಬೆಣ್ಣೆ ಬಳಿದ ಒಣದ್ರಾಕ್ಷಿಯ ರೊಟ್ಟಿ, ಗಾಳಿಗೆ ಹಾರದಂತೆ ಒಂದು ಕೈಯಲ್ಲಿ ಟೋಪಿ ಹಿಡಿದುಕೊಂಡೇ ಓಡಾಡುವ ಅಮ್ಮ. ಅಪ್ಪ ಸಂಡೇಸ್ಕೂಲಿನ ಮುಖ್ಯಸ್ಥ. ಕೋಟೆ ಹತ್ತಿದವರು ಪದ್ಯ ಮುಗಿಸದೆ ಇಳಿಯುವಂತಿಲ್ಲ ಎಂಬುದು ಅಪ್ಪ ಮಾಡಿದ ಕಟ್ಟಳೆ. ಮಧ್ಯೆ ಮರೆತು ನಿಂತರೆ ಕೆಳಗಿನವರೆಲ್ಲ "ಕೈದಿ! ಕೈದಿ!" ಎಂದು ಕೂಗುವರು; ಮೇಲಿದ್ದ ಮಗು ಕೆಂಪಾಗಿ, ಅಳುಮುಖ ಮಾಡಿ, ಕಂದಕದ ಕಡೆ ನೋಡುವುದು.

ಕಂದಕದಲ್ಲಿ ಟೆಗ್ವೆನ್ ಕೂತಿರುತ್ತಿದ್ದಳು. ಎಲ್ಲರೆದುರು ಎದ್ದು ನಿಂತರೆ ಅವಳ ಗಂಟಲು ಕಟ್ಟುತ್ತಿತ್ತು; ಒಂದು ಸಾಲೂ ಹೊರಡುತ್ತಿರಲಿಲ್ಲ. ಆದರೆ ಒಮ್ಮೆ ಕಿವಿಗೆ ಬಿದ್ದದ್ದು ಅವಳನ್ನು ಬಿಟ್ಟು ಹೋಗುತ್ತಿರಲಿಲ್ಲ. ಅದನ್ನು ಕಂಡ ಅಪ್ಪ ಅವಳಿಗೆ ಈ ಜಾಗ ಕೊಟ್ಟ. "ಒಂದೇ ಪದ ಕೊಡು ಮಗಳೇ, ಮೊದಲ ಪದ ಮಾತ್ರ. ಉಳಿದದ್ದು ಅವರೇ ಎತ್ಕೋತಾರೆ. ಯಾವ ಮಗೂನೂ ಪದ ಇಲ್ದೆ ನಿಲ್ಲಬಾರದು." ಅಂದಿನಿಂದ ಕೋಟೆಯ ಕಂದಕದಲ್ಲೂ ಚಾಪೆಲ್ಲಿನ ಮುಂದಿನ ಬೆಂಚಿನಲ್ಲೂ ಅವಳದು ಅದೇ ಕೆಲಸ. ಬೈಬಲ್ಲಿನ ವಚನ ಮರೆತ ಮಕ್ಕಳಿಗೆ, ಪ್ರಾರ್ಥನೆಯ ನಡುವೆ ತಡವರಿಸಿದ ಹಿರಿಯರಿಗೆ, ಒಮ್ಮೆ ಬೋಧಕರಿಗೇ, ಉಸಿರಿನಷ್ಟು ಮೆಲ್ಲಗೆ ಒಂದು ಪದ. ಮದುವೆಯಾಗಲಿಲ್ಲ, ಕಣಿವೆಯ ಮಕ್ಕಳಿಗೆಲ್ಲ ಆಂಟಿ ಟೆಗ್ವೆನ್ ಆದಳು. ಕೇಳುವುದೇ ಅವಳ ಪ್ರಾರ್ಥನೆ ಎಂದು ಬೋಧಕರು ಒಮ್ಮೆ ಹೇಳಿದ್ದುಂಟು.

ಮಕ್ಕಳು ಹೇಳುತ್ತಿದ್ದದ್ದು ಮೊದಲ ನಾಲ್ಕು ನುಡಿಗಳನ್ನು. ಆ ಮೇಲಿನ ಮೂರು ಕಷ್ಟ, ದುಃಖದವು ಬೇರೆ. ಏಳನ್ನೂ ಹೇಳಿದವನು ಅವಳ ಕಾಲದಲ್ಲಿ ಇಡ್ವಲ್ ಒಬ್ಬನೇ, ಅದೂ ಹುಡುಗನಾಗಿದ್ದಾಗ. ಯಾರೂ ಬರೆದಿಡದ ಕಡೆಯ ನುಡಿ ಈಗ ಟೆಗ್ವೆನಳಲ್ಲಿ ಮಾತ್ರ ಉಳಿದಿತ್ತು. ಬಟ್ಟಲು ಒರೆಸುವಾಗ, ಮೆಟ್ಟಿಲು ಗುಡಿಸುವಾಗ, ಅದು ಅವಳೊಳಗೆ ತಾನೇ ಹೇಳಿಕೊಳ್ಳುತ್ತಿತ್ತು:

ಹುಲ್ಲು ಬಂದಿತು ಮೊದಲು, ಹೂವು ಬಂದಿತು ಬಳಿಕ,
ಕುರಿಯು ಬಂದಿತು ಹಿಂದೆ ಮರಿಯ ಕೂಡಿ;
ಬಾಗಿಲಿಲ್ಲದ ಕೋಟೆ ಕಾದು ನಿಂತಿಹುದಿನ್ನು
ಗ್ವೆರ್ವಿಲಳ ದನಿ ಬರುವ ಹಾದಿ ನೋಡಿ.

ಅಂಥ ಟೆಗ್ವೆನಳ ಬಾಯಿಂದಲೇ ಕೋಟೆ ಬಿತ್ತು. ಅಗೆತ ಮುಗಿಯುವ ದಿನಗಳಲ್ಲಿ ಡಾಕ್ಟರ್ ಪ್ರಾಸರ್ ಅವಳ ಮನೆಗೆ ಬಂದು ಟೋಪಿ ತೊಡೆಯ ಮೇಲಿಟ್ಟುಕೊಂಡು ಕೇಳಿದ್ದರು: "ನಿಮ್ಮಜ್ಜ ಪದ್ಯ ಕಟ್ಟೋಕೆ ಮುಂಚೆ ಅದಕ್ಕೆ ಏನಂತಿದ್ರು?"

ಗೊತ್ತಿಲ್ಲ ಎನ್ನಬಹುದಿತ್ತು. ಪಾಪದ ಆ ಮನುಷ್ಯ ಅದನ್ನೇ ನಂಬಿ, ಸಂಶಯದ ಲಾಭ ಕೋಟೆಗೇ ಕೊಟ್ಟು ಹೋಗುತ್ತಿದ್ದರೋ ಏನೋ. ಆದರೆ ಗೊತ್ತಿದ್ದದ್ದನ್ನು ಗೊತ್ತಿಲ್ಲವೆನ್ನುವುದು ಅವಳಿಂದ ಆಗದ ಮಾತು.

"ದಿಬ್ಬ ಅಂತಿದ್ರು," ಎಂದಳು. "ಬರೀ ದಿಬ್ಬ. ಅಜ್ಜ ತಾವೇ ಹೇಳಿದ್ರು. ಗ್ವೆರ್ವಿಲ್ ಅನ್ನೋದು ಅವರ ಅಜ್ಜಿ ಹೆಸರು."

ಪ್ರಾಸರ್ ಬಹಳ ಹೊತ್ತು ಟೋಪಿಯ ಅಂಚನ್ನೇ ತಿರುಗಿಸುತ್ತ ಕೂತಿದ್ದು, ದ್ರಾಕ್ಷಿರೊಟ್ಟಿ ಮುಟ್ಟದೆ ಎದ್ದು ಹೋಗಿದ್ದರು.

ಕೋಟೆಯೆಂದು ಇದ್ದಷ್ಟು ದಿನ ಅದರ ಮೇಲೆ ಸಲಿಕೆ ಇಡುವಂತಿಲ್ಲವೆಂದು ಸರ್ಕಾರದ ಕಾವಲಿತ್ತು. ಅಲ್ಲವೆಂದು ಆದಮೇಲೆ ಅದು ಇಡ್ವಲನ ಹೊಲದ ಮಣ್ಣು. ಇಡ್ವಲ್ ಕೆಟ್ಟವನಲ್ಲ. ಅವನ ಹೊಲವೆಲ್ಲ ಹೊಳೆಯ ಪಕ್ಕದ ಜೌಗು. ಚಳಿಗಾಲದಲ್ಲಿ ದನಗಳು ಹೊಟ್ಟೆಯವರೆಗೆ ಕೆಸರಲ್ಲಿ ನಿಂತು ಗೊರಸು ಕೊಳೆಸಿಕೊಳ್ಳುತ್ತಿದ್ದವು. ಮನೆಗೆ ಹತ್ತಿರವಾಗಿ ಒಣಗಿದ ನೆಲವೆಂದರೆ ದಿಬ್ಬ ನಿಂತ ಜಾಗವೊಂದೇ. ಅದನ್ನು ಕಡಿದು ಕಂದಕಕ್ಕೆ ತುಂಬಿದರೆ ಕೊಟ್ಟಿಗೆಗೆ ಹದವಾದ ಕಟ್ಟೆಯಾಗುತ್ತಿತ್ತು.

ಮರುವಾರ ಭಾನುವಾರದ ಆರಾಧನೆ ಮುಗಿದ ಮೇಲೆ ಅದೇ ಹಿಂದಿನ ಕೋಣೆಯಲ್ಲಿ, ಎಲ್ಲರ ನಡುವೆ, ಬಟ್ಟಲು ಕೈಯಲ್ಲಿ ಹಿಡಿದು ಅವನು ವಿಷಯ ತೆಗೆದ.

"ವಿಲ್‌ಗೆ ಹೇಳಿದ್ದೀನಿ ಟೆಗ್. ಪೆಂತೆಕೋಸ್ತಿನ ವಾರ ಯಂತ್ರ ತರ್ತಾನೆ."

"ಅಪ್ಪ ಇದ್ದಿದ್ರೆ ಬಿಡ್ತಿದ್ರಾ ಇಡ್ವಲ್?"

"ಅಪ್ಪನ ಕಾಲದಲ್ಲಿ ಅದು ಕೋಟೆ ಆಗಿತ್ತು ಕಣೆ. ನೀನೇ ಅಲ್ವಾ ದಿಬ್ಬ ಅಂದಿದ್ದು?"

ಚುಚ್ಚಬೇಕೆಂದು ಅವನು ಅಂದದ್ದಲ್ಲ. ಆದರೂ ಚುಚ್ಚಿತು. ಅವಳು ಬಟ್ಟಲನ್ನು ತಟ್ಟೆಯ ಮೇಲಿಟ್ಟಳು.

"ಸರಿ. ನಿನ್ನ ಹೊಲ, ನಿನ್ನ ದನ. ನಂಗೆ ಒಂದು ನಡೆಸಿಕೊಡು. ಸಲಿಕೆ ಹಾಕೋಕೆ ಮುಂಚೆ ಅಜ್ಜನ ಪದ್ಯ ಅಲ್ಲಿ ಪೂರ್ತಿ ಆಗ್ಬೇಕು. ಏಳೂ ನುಡಿ. ಕೋಟೇನ ಹಾಗೇ ಬಾಯಿ ಮುಚ್ಚಿಸಿ ಕಳಿಸ್ಬಾರ್ದು."

"ಏಳು ಹೇಳೋರು ಯಾರಿದ್ದಾರೆ?"

"ನೀನು."

ಕೋಣೆ ಗೊಳ್ಳೆಂದಿತು. "ಇಡ್ವಲ್ ಪದ್ಯ ಹೇಳ್ತಾನಂತೆ! ಹಸು ಹಾಲು ಬಿಡೋದು ನಿಲ್ಸುತ್ತೆ ಮಾರಾಯ!" ಎಂದ ವಿಲ್.

"ನಿನ್ನ ಯಂತ್ರದ ಸದ್ದಿಗಿಂತ ವಾಸಿ ಇರುತ್ತೆ, ಕೂತ್ಕೊಳೋ," ಎಂದ ಇಡ್ವಲ್. ಆಮೇಲೆ ಅಕ್ಕನ ಮುಖ ನೋಡಿದ. ನಗು ಕಡಿಮೆಯಾಯಿತು. "ಆಯ್ತು ಟೆಗ್. ಎಲ್ರೂ ಕೇಳಿಸ್ಕೊಳ್ಳಿ. ಸೋಮವಾರ ನಾನೇ ಹತ್ತಿ ಹೇಳ್ತೀನಿ. ಏಳನೇ ನುಡಿ ಮುಗಿಯೋವರೆಗೂ ಅಲ್ಲಿ ಒಂದು ಹುಲ್ಲುಕಡ್ಡಿ ಅಲ್ಲಾಡಲ್ಲ. ಕೇಳಿಸ್ತೇನೋ ವಿಲ್?"

"ಕೇಳಿಸ್ತು. ಆಮೆನ್."

ಚಾಪೆಲ್ಲಿನ ಸೂರಿನ ಕೆಳಗೆ ಹತ್ತು ಜನರೆದುರು ಆಡಿದ ಮಾತು. ಆ ಕಣಿವೆಯಲ್ಲಿ ಅದಕ್ಕಿಂತ ದೊಡ್ಡ ಮುದ್ರೆ ಇರಲಿಲ್ಲ.

ಸೋಮವಾರ ಗಾಳಿಯಿಲ್ಲದ, ಮೋಡ ತೆಳ್ಳಗೆ ಹರಡಿದ ದಿನ. ಕಣಿವೆಯಾಚೆ ಮದುವೆಯಾಗಿ ಹೋದವರು, ಪಟ್ಟಣ ಸೇರಿದವರು, ಸುದ್ದಿ ಕೇಳಿ ಬಂದಿದ್ದರು. ಹಂಡೆ ಕುದಿಯಿತು, ರೊಟ್ಟಿ ಹಂಚಿಕೆಯಾಯಿತು. ಬೇಲಿಯ ಬಳಿ ಹಳದಿ ಯಂತ್ರ ಕೈ ಮಡಚಿ ನಿಂತಿತ್ತು; ಅದರ ಮೆಟ್ಟಿಲ ಮೇಲೆ ವಿಲ್, ಮೊಣಕಾಲ ಮೇಲೆ ರೊಟ್ಟಿ ಇಟ್ಟುಕೊಂಡು, ತಾನಿಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ ಕೂತಿದ್ದ.

ಮಕ್ಕಳು ಒಬ್ಬೊಬ್ಬರಾಗಿ ಹತ್ತಿ ಹೇಳಿದರು. "ಬೆಟ್ಟದಡಿಯಲಿ ಕೋಟೆ, ಕೋಟೆಯೊಳಗಿದೆ ದೀಪ" ಎಂದು ಮೊದಲ ಸಾಲು ಬಂದಾಗಲೆಲ್ಲ ಕೆಳಗೆ ಮುದುಕಿಯರ ತುಟಿಗಳೂ ಆಡಿದವು. ಹಲ್ಲು ಬಿದ್ದ ಒಂದು ಹುಡುಗಿ ಮೂರನೆಯ ನುಡಿಯಲ್ಲಿ ಸಿಕ್ಕಿಕೊಂಡಳು. "ಕೈದಿ! ಕೈದಿ!" ಎದ್ದಿತು. ಟೆಗ್ವೆನ್ ಕಂದಕದಿಂದ ಪದ ಕೊಟ್ಟಳು. ಹುಡುಗಿ ಅದನ್ನು ಹಿಡಿದು ಓಡಿದಳು. ಈ ಕಂದಕದಲ್ಲಿ ಕೂತರೆ ಮೇಲಿನ ಮಾತು ಬೇರೆಲ್ಲೂ ಚೆಲ್ಲದೆ ನೇರವಾಗಿ ಕಿವಿಗೆ ಇಳಿಯುತ್ತಿತ್ತು, ಇವಳ ಪಿಸುಮಾತು ಮೇಲಕ್ಕೆ ಏರುತ್ತಿತ್ತು. ಯಾರು ಯಾತಕ್ಕೆ ಮಾಡಿದ್ದೋ, ಕೇಳುವುದಕ್ಕೆಂದೇ ಮಾಡಿದ ಜಾಗ ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತ್ತು. ಇದನ್ನು ಡಾಕ್ಟರ್ ಪ್ರಾಸರ್ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಕಡೆಗೆ ಇಡ್ವಲ್ ಹತ್ತಿದ. ಭಾನುವಾರದ ಸೂಟು, ಕಾಲಲ್ಲಿ ಕೆಸರಿನ ಬೂಟು. ಟೋಪಿ ತೆಗೆದು ಎದೆಗೆ ಹಿಡಿದ. ಯಾರೋ ಕಿಸಕ್ಕೆಂದರು. ಅವನು ಬಾಯಿ ತೆರೆದ ಮೇಲೆ ಯಾರೂ ನಗಲಿಲ್ಲ.

ದಿನವೆಲ್ಲ ನಾಯಿಯನ್ನೂ ದನವನ್ನೂ ಕೂಗಿ ಒರಟಾದ ಗಂಟಲು. ಆದರೆ ಅದರ ಅಡಿಯಲ್ಲಿ ಆ ಹಳೆಯ ಹುಡುಗನ ಧಾಟಿ ಹಾಗೇ ಇತ್ತು. ಅಜ್ಜ ಎಲ್ಲಿ ಉಸಿರು ಬಿಡುತ್ತಿದ್ದನೋ ಅಲ್ಲೇ ಬಿಟ್ಟ, ಅಪ್ಪ ಎಲ್ಲಿ ದನಿ ಇಳಿಸಲು ಕಲಿಸಿದ್ದನೋ ಅಲ್ಲೇ ಇಳಿಸಿದ. ಟೆಗ್ವೆನ್ ಕಣ್ಣು ಮುಚ್ಚಿದಳು. ಅಮ್ಮ ಟೋಪಿ ಹಿಡಿದು ನಿಂತಿದ್ದಳು. ಅಪ್ಪ ಮಕ್ಕಳ ತಲೆಗಳ ಮೇಲಿಂದ ಇವಳ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದ. ಅಜ್ಜ ಕುರ್ಚಿಯಲ್ಲಿ, ತಾನು ಕಟ್ಟಿದ ಹುಡುಗಿ ಈ ಸಲವಾದರೂ ಉಳಿದಾಳೇನೋ ಎಂಬಂತೆ, ಬಗ್ಗಿ ಕೇಳುತ್ತಿದ್ದ. ಐದನೆಯ ನುಡಿ. ಬಾಗಿಲಿಗೆ ಬೆಂಕಿ. ಆರನೆಯದು. ಕಣಿವೆಯಲ್ಲಿ ಹೊಳೆಯೊಂದೇ ಸದ್ದು ಮಾಡುತ್ತಿತ್ತು.

"ದೀಪವಾರಿತು ಕೊನೆಗೆ, ದನಿಯು ಕೂಡ," ಎಂದ ಇಡ್ವಲ್. ಆರನೆಯದನ್ನು ಮುಗಿಸಿದವನು ಅಲ್ಲೇ ನಿಂತ.

ಮೊದಲು ಅದು ಉಸಿರು ತೆಗೆದುಕೊಳ್ಳುವ ನಿಲುಗಡೆ ಎಂದೇ ಎಲ್ಲರೂ ತಿಳಿದರು. ಅವನು ಟೋಪಿಯನ್ನು ಇನ್ನೊಂದು ಕೈಗೆ ಬದಲಿಸಿದ. ತುಟಿ ಒದ್ದೆ ಮಾಡಿಕೊಂಡ. ಬೆಟ್ಟ ನೋಡಿದ, ಬೂಟು ನೋಡಿದ. ಮಕ್ಕಳಿಗೆ ಗೊತ್ತಾಗಿಹೋಯಿತು. ಹಲ್ಲು ಬಿದ್ದ ಹುಡುಗಿ ಶುರುಮಾಡಿದಳು, ಉಳಿದವರು ಸೇರಿಕೊಂಡರು: "ಕೈದಿ! ಕೈದಿ!"

ಇಡ್ವಲ್ ನಗುತ್ತ ಕಂದಕದ ಕಡೆ ತಿರುಗಿದ. ಹುಡುಗನಾಗಿದ್ದಾಗ ತಿರುಗುತ್ತಿದ್ದ ಹಾಗೆಯೇ, ಸ್ವಲ್ಪವೂ ಹೆದರಿಕೆಯಿಲ್ಲದೆ.

ಪದ ಟೆಗ್ವೆನಳ ನಾಲಿಗೆಯ ಮೇಲೆ ಬಂದು ಕೂತಿತ್ತು. ಹುಲ್ಲು. ಕೊಡುವುದು ಅವಳಿಗೆ ಉಸಿರಾಡಿದಷ್ಟು ಸಲೀಸು. ತುಟಿ ಆಗಲೇ ಆ ಆಕಾರಕ್ಕೆ ಬಂದಿತ್ತು. ಪದ ಕೊಟ್ಟರೆ ಅವನು ಎತ್ತಿಕೊಳ್ಳುತ್ತಾನೆ. ಹೂವು ಬರುತ್ತದೆ, ಕುರಿ ಬರುತ್ತದೆ, ಪದ್ಯ ಮುಗಿಯುತ್ತದೆ. ಜನ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟುತ್ತಾರೆ. ವಿಲ್ ತೊಡೆಯ ಮೇಲಿನ ರೊಟ್ಟಿಯ ಪುಡಿ ಕೊಡವಿ ಏಳುತ್ತಾನೆ. ಪೂರ್ತಿ ಹೇಳಿಸಿ ಮರ್ಯಾದೆಯಿಂದ ಕಳಿಸಿಕೊಡೋಣವೆಂದು ಬೇಡಿಕೊಂಡವಳು ಅವಳೇ, ಮನಸಾರೆ ಬೇಡಿಕೊಂಡಿದ್ದಳು. ಆದರೆ ಈ ಗಳಿಗೆಯವರೆಗೆ ಆ ನುಡಿಯನ್ನು ಅವಳು ಕೇಳಿದ್ದಳೇ ಹೊರತು ಅದು ಏನು ಕೇಳುತ್ತದೆಂದು ಕಿವಿಗೊಟ್ಟಿರಲಿಲ್ಲ. ಕಾದು ನಿಂತಿದೆ ಎನ್ನುತ್ತದೆ ಅದು. ಮೊಲದ ಗುಡ್ಡೆಯೋ, ಗಣಿಯ ಮಣ್ಣೋ, ಹಿಮದ ಕಸವೋ, ಕಾಯುವುದನ್ನಂತೂ ಅದು ಚೆನ್ನಾಗಿ ಕಾದಿತ್ತು. ನುಡಿ ಮುಗಿಯದಿದ್ದರೆ, ಇಡ್ವಲ್ ಕೊಟ್ಟ ಮಾತಿನಂತೆ, ಅದು ಇನ್ನೂ ಕಾಯಬಹುದಿತ್ತು.

ಅವಳು ತುಟಿ ಮುಚ್ಚಿದಳು.

"ಟೆಗ್," ಎಂದ ಇಡ್ವಲ್ ಮೆಲ್ಲಗೆ. ಕಂದಕಕ್ಕೆ ಮಾತ್ರ ಕೇಳುವಷ್ಟು. "ಪದ."

'ಕೈದಿ' ಕೂಗು ತಗ್ಗಿತು. ಟೆಗ್ವೆನ್ ಪದ ಕೊಡದೆ ಇದ್ದದ್ದನ್ನು ಆ ಹೊಲದಲ್ಲಿ ನಿಂತಿದ್ದ ಯಾರೂ ಕಂಡಿರಲಿಲ್ಲ.

"ಆಂಟಿ ಟೆಗ್ವೆನ್‌ಗೂ ಮರೆತೋಯ್ತಾ?" ಎಂದಿತು ಒಂದು ಮಗು.

"ಏ ಟೆಗ್, ಎಲ್ರೂ ನೋಡ್ತಿದಾರೆ ಕಣೆ." ಇಡ್ವಲನ ನಗು ಇನ್ನೂ ಮುಖದ ಮೇಲೇ ಇತ್ತು, ಆದರೆ ಕಣ್ಣಿನಿಂದ ಇಳಿದಿತ್ತು. "ಮರೆತೋಯ್ತಾ? ಮರೆತಿದ್ರೆ ಹೇಳ್ಬಿಡು. ಇಲ್ಲಿಗೇ ಮುಗೀತು ಅನ್ಕೊಂಡು ಇಳೀತೀನಿ."

ಬೇಲಿಯ ಬಳಿ ವಿಲ್ ಮೆಟ್ಟಿಲಿನಿಂದ ಅರ್ಧ ಎದ್ದವನು ಹಾಗೇ ನಿಂತಿದ್ದ. ಮರೆತೆ ಎಂದರೆ ಸಾಕಿತ್ತು. ತಮ್ಮ ಇಳಿಯುತ್ತಿದ್ದ, ಯಾರಿಗೂ ನೋವಿರುತ್ತಿರಲಿಲ್ಲ, ಯಂತ್ರ ಒಳಬರುತ್ತಿತ್ತು.

ಟೆಗ್ವೆನ್ ಕಂದಕದಲ್ಲಿ ಎದ್ದು ನಿಂತಳು. ದೊಡ್ಡವಳಾದ ಮೇಲೆ ಅಷ್ಟು ಜನರೆದುರು ಅವಳು ಎದ್ದು ನಿಂತದ್ದೂ ಅದೇ ಮೊದಲು. ಗಂಟಲು ಕಟ್ಟಲಿಲ್ಲ.

"ಮರೆತಿಲ್ಲ," ಎಂದಳು.

"ಮತ್ತೆ ಹೇಳ್ಕೊಡು. ಒಂದೇ ಪದ, ಟೆಗ್. ನನ್ನ ಅಕ್ಕ ಅಲ್ವಾ ನೀನು? ಕೇಳ್ಕೋತೀನಿ."

"ಇಲ್ಲ ಇಡ್ವಲ್. ಹೇಳ್ಕೊಡಲ್ಲ."